ಅಪ್ರದಕ್ಷಿಣೆಯ ಜಾಜಿ

"ಗುರುಗಳೇ, ಎಷ್ಟು ತಿದ್ದಿದರೂ ತಿದ್ದಿಕೊಳ್ಳದವರನ್ನು ಏನು ಮಾಡಬೇಕು?" ಎಂದು ಮರುಳಪ್ಪ ಕೇಳಿದ.

ಅವನ ಮಗಳು ಎಡಚಿ. ಉಣ್ಣುವುದು, ಬರೆಯುವುದು, ದೇವರ ದೀಪ ಹಚ್ಚುವುದು, ಎಲ್ಲವೂ ಎಡಗೈಯಲ್ಲೇ. ಹೇಳಿ ಹೇಳಿ ಸಾಕಾಗಿ ಅವನು ಆ ಕೈಯನ್ನು ಬೆನ್ನ ಹಿಂದೆ ಕಟ್ಟಿಹಾಕಿದ್ದ. ಈಗ ಹುಡುಗಿ ಬಲಗೈಯಲ್ಲೂ ತುತ್ತು ಎತ್ತುತ್ತಿಲ್ಲ. ಮಾತನ್ನೂ ಬಿಟ್ಟಿದ್ದಾಳೆ.

"ಹಟ ಗುರುಗಳೇ, ಬರೀ ಹಟ!"

ಗುರುಗಳು ಒಂದು ಕಥೆ ಹೇಳತೊಡಗಿದರು.

ಒಬ್ಬ ಪೂಜಾರಿ ಇದ್ದ. ಮಹಾ ಮಡಿವಂತ. ಕೊಂಡ ಹೂ ದೇವರಿಗೆ ಬೇಡವೆಂದು ಗುಡಿಯ ಹಿತ್ತಿಲಲ್ಲಿ ಜಾಜಿ ನೆಟ್ಟು ಕಂಬ ಊರಿದ. ಬಳ್ಳಿ ಚಿಗುರಿ ಕಂಬ ಹತ್ತಿತು. ಪೂಜಾರಿ ಹತ್ತಿರ ಬಂದು ನೋಡಿದ. ಬಳ್ಳಿ ಎಡಕ್ಕೆ ಸುತ್ತುತ್ತಿದೆ! ಊರಿಗೆ ಊರೇ ಗುಡಿಯನ್ನು ಬಲಕ್ಕೆ ಸುತ್ತುವಾಗ ದೇವರ ಹೂವಿನ ಬಳ್ಳಿ ಅಪ್ರದಕ್ಷಿಣೆ ಹಾಕುವುದೆಂದರೇನು?

"ಶಿವ ಶಿವಾ, ಎಂಥ ಅಪಚಾರ!" ಎಂದು ಕುಡಿ ಬಿಚ್ಚಿ, ಬಲಕ್ಕೆ ಸುತ್ತಿ, ಬಾಳೆನಾರಿನಲ್ಲಿ ಕಟ್ಟಿದ. ಬೆಳಗಾಗುವಷ್ಟರಲ್ಲಿ ಅದರ ತುದಿ ಮತ್ತೆ ಎಡಕ್ಕೆ ಹೊರಳಿತ್ತು. ಮತ್ತೆ ಬಿಚ್ಚಿದ, ಮತ್ತೆ ಕಟ್ಟಿದ. ಬೈದ. ಮಂತ್ರ ಹೇಳಿ ತೀರ್ಥ ಚಿಮುಕಿಸಿದ. ಬಳ್ಳಿಗೆ ಯಾವ ಶಾಸ್ತ್ರ, ಯಾವ ಮಂತ್ರ? ಅದು ತಿರುಗಿದ್ದು ಎಡಕ್ಕೇ.

ಅವನ ಹೆಂಡತಿಗೆ ನೋಡಿ ನೋಡಿ ತಲೆ ಕೆಟ್ಟುಹೋಯಿತು. "ಅಯ್ಯೋ ನಿಮ್ಮ! ಅದರ ಪಾಡಿಗೆ ಅದನ್ನು ಬಿಡಬಾರದೇ? ಯಾವ ಕಡೆ ಸುತ್ತಿದರೂ ಹತ್ತುವುದು ಮೇಲಕ್ಕೇ ತಾನೆ?"

"ನಾಯಿ ಬಾಲ ಡೊಂಕೆಂದು ಸುಮ್ಮನೆ ಬಿಡಲಾಗುತ್ತದೆಯೇ? ಇದು ದೇವರಿಗೆ ಏರುವ ಹೂ ಕಣೇ!" ಎಂದು ಅವನು ಇನ್ನಷ್ಟು ಬಿಗಿದು ಕಟ್ಟಿದ.

ಎಳೆದೆಳೆದು ಕುಡಿಗಳು ಮುರಿದವು. ಸಿಪ್ಪೆ ಸುಲಿಯಿತು. ಊರ ಹಿತ್ತಿಲುಗಳಲ್ಲೆಲ್ಲ ಜಾಜಿ ಘಮಘಮಿಸುವ ಕಾಲ ಬಂದಾಗ ಗುಡಿಯ ಕಂಬದಲ್ಲಿ ಉಳಿದದ್ದು ಒಂದು ಒಣಕಡ್ಡಿ. ಅದು ಮಾತ್ರ ಶಾಸ್ತ್ರೋಕ್ತವಾಗಿ ಬಲಕ್ಕೇ ಸುತ್ತಿಕೊಂಡಿತ್ತು.

ಮರುಳಪ್ಪನಿಗೆ ರೇಗಿತು. ಕೇಳಿದ್ದೇನು, ಇವರು ಹೇಳುತ್ತಿರುವುದೇನು! "ಅದು ಬಳ್ಳಿ, ಗುರುಗಳೇ. ನನ್ನದು ಮಗಳು."

"ಅದನ್ನೇ ನಾನೂ ಹೇಳುತ್ತಿರುವುದು, ಮಾರಾಯ," ಎಂದರು ಗುರುಗಳು, "ಬಳ್ಳಿಯಾಗಿದ್ದರೆ ಇನ್ನೊಂದು ನೆಡಬಹುದಿತ್ತು."