ಲೊಚಗುಟ್ಟದ ಹಲ್ಲಿಗಳು

ಒಂದು ಕಾಡಿನಲ್ಲಿ ಬಿಸಿಲೇ ಬೀಳದ ಒಂದು ಮೂಲೆಯಿತ್ತು. ಅಲ್ಲಿನ ಮುದಿ ಆಲದ ಪೊಟರೆಯಲ್ಲಿ ಒಂದು ಪುನುಗು ಬೆಕ್ಕು ಹಲ್ಲಿಗಳನ್ನು ಸಾಕಿಕೊಂಡಿತ್ತು. ಬೆಕ್ಕು ಹಲ್ಲಿ ಸಾಕುವುದೇ! ಅಲ್ಲೇ ಅನುಮಾನ ಬರಬೇಕಿತ್ತು. ಆದರೆ ಹೊಟ್ಟೆ ತುಂಬ ತಿನ್ನಿಸುವವರನ್ನು ಯಾರು ತಾನೇ ಅನುಮಾನಿಸುತ್ತಾರೆ?

ಚಿಗಳಿ ಎಂಬ ಮರಿ ಹಲ್ಲಿ ತನ್ನ ಅಕ್ಕನನ್ನು ಹುಡುಕಿಕೊಂಡು ಅಲ್ಲಿಗೆ ಬಂತು. ಒಳಗೆ ಕಾಲಿಟ್ಟು ಸುತ್ತ ನೋಡಿತು. ಪೊಟರೆಯ ತುಂಬ ಹಲ್ಲಿಗಳು, ಆದರೆ ಒಂದು ಸದ್ದೂ ಇಲ್ಲ. ನಿಜವಾದ ಮಾತು ಕಿವಿಗೆ ಬಿದ್ದರೆ ಲೊಚಗುಟ್ಟುವುದು ಹಲ್ಲಿಗಳ ಪದ್ಧತಿ. ಇಲ್ಲಿ ಎಲ್ಲವೂ ಸುಮ್ಮನೆ ಹುಳು ನುಂಗುತ್ತಿದ್ದವು.

ಬೆಕ್ಕು ಕುಂಟುತ್ತಾ ಬಂತು. "ಬಾ ಮಗೂ, ಮಿಡತೆ ಹಿಂದೆ ಯಾಕೆ ಓಡ್ತೀಯ? ಬಿಸಿಲಲ್ಲಿ ಯಾಕೆ ಒಣಗ್ತೀಯ? ಕೊಬ್ಬಿದ ಬಿಳಿ ಹುಳಾನ ಜೇನಲ್ಲಿ ಅದ್ದಿ ಕೊಡ್ತೀನಿ. ಇವರನ್ನೆಲ್ಲ ಹೆತ್ತ ಮಕ್ಕಳ ಹಾಗೆ ಸಾಕ್ತಿದ್ದೀನಿ" ಎಂದಿತು.

ಚಿಗಳಿ ಕಿವಿಗೊಟ್ಟು ಕಾಯಿತು. ಒಂದು ಹಲ್ಲಿಯೂ ಲೊಚಗುಟ್ಟಲಿಲ್ಲ.

ಬೆಕ್ಕು ಹೊರಗೆ ಹೋದ ಮೇಲೆ ಚಿಗಳಿ ಅಕ್ಕನ ಬಳಿ ಸರಿಯಿತು. ಅಕ್ಕ ಉಬ್ಬಿಹೋಗಿತ್ತು. ಬಿಸಿಲು ಕಾಣದೆ, ಬರೀ ಜೇನಲ್ಲಿ ಅದ್ದಿದ ಹುಳು ತಿಂದು, ಮುಟ್ಟಿದರೆ ಕಾಲಿನ ಮೂಳೆ ಹಸಿ ಕಡ್ಡಿಯ ಹಾಗೆ ಬಾಗುತ್ತಿತ್ತು.

"ಅಕ್ಕಾ, ಚಿಕ್ಕಮ್ಮ ಇಲ್ಲೇ ಇದ್ದಳಲ್ಲ, ಎಲ್ಲಿ?"

"ತುಂಬಾ ದಪ್ಪ ಆದಳು ಕಣೇ. ಬೆಕ್ಕು ಮಾವ ಗಾಳಿ ತೋರಿಸೋಕೆ ಕರ್ಕೊಂಡು ಹೋದ. ಇವತ್ತು ಸಂಜೆ ನನ್ನ ಸರದಿ."

"ಹೋದವರು ಯಾರಾದ್ರೂ ವಾಪಸ್ ಬಂದ್ರಾ?"

ಅಕ್ಕ ಮತ್ತೊಂದು ಹುಳುವಿಗೆ ಬಾಯಿ ಹಾಕಿತು. ಚಿಗಳಿ ಆ ಹುಳುವನ್ನು ಕಿತ್ತು ಎಸೆಯಿತು. ಹಗಲೆಲ್ಲ ಅಕ್ಕನನ್ನು ತಳ್ಳಿ ತಳ್ಳಿ ಮರದ ತುದಿಯ ಬಿಸಿಲಿಗೆ ಹತ್ತಿಸಿತು. ಇರುವೆ, ಮಿಡತೆ ಹಿಡಿದು ತಿನ್ನಿಸಿತು.

ಸಂಜೆಯಾಯಿತು. ಪುನುಗಿನ ಗಮ್ಮೆನ್ನುವ ವಾಸನೆ ಮೇಲೆ ಮೇಲೆ ಬಂತು. "ನನ್ನ ಮಗಳೆಲ್ಲಿ?" ಎನ್ನುತ್ತಾ ಬೆಕ್ಕು ಕೊಂಬೆ ಹತ್ತಿತು. ಚಿಗಳಿ ಅಕ್ಕನಿಗೆ ಅಡ್ಡ ನಿಂತಿತು. ಬೆಕ್ಕು ಗಬಕ್ಕನೆ ಅದರ ಬಾಲ ಕಚ್ಚಿತು. ಬಾಲ ಕಳಚಿ ಬಾಯಲ್ಲೇ ವಿಲವಿಲ ಒದ್ದಾಡಿತು. ಬೆಕ್ಕು ತತ್ತರಿಸಿತು. ಬೇಟೆ ಬಿಟ್ಟು, ಮೂಳೆ ಮೆತ್ತಗಾದ ಹಲ್ಲಿಗಳನ್ನೇ ತಿಂದು ತಿಂದು ಅದರ ಮೂಳೆಯೂ ಮೆತ್ತಗಾಗಿತ್ತು. ಕಾಲುಗಳು ಬಾಗಿದವು. ಬೆಕ್ಕು ದೊಪ್ಪನೆ ಕೆಳಗೆ ಬಿತ್ತು.

"ಮಕ್ಕಳೇ, ಪ್ರೀತಿಯಿಂದ ಸಾಕಿದವನು ನಾನು, ಕಾಪಾಡಿ!" ಎಂದು ಕೆಳಗಿನ ಕತ್ತಲಿನಿಂದ ನರಳಿತು.

ಪೊಟರೆ ಸುಮ್ಮನಿತ್ತು.

"ನಮ್ಮ ಚಿಕ್ಕಮ್ಮನ್ನ ತಿಂದೋನು ನೀನೇ" ಎಂದಿತು ಚಿಗಳಿ.

ಮೊದಲು ಅಕ್ಕ ಲೊಚಗುಟ್ಟಿತು. ಆಮೇಲೆ ಪೊಟರೆಯೊಳಗೆ ಒಂದು ಹಲ್ಲಿ, ಇನ್ನೊಂದು, ಮತ್ತೊಂದು. ಬೆಕ್ಕಿನ ನರಳಾಟ ನಿಂತ ಮೇಲೂ ಆ ಸದ್ದು ನಿಲ್ಲಲಿಲ್ಲ.

ನೀತಿ: ಸಾಕಿದ ಜೀವಕ್ಕೆ ಅದರ ಮೈಗೆ ಒಗ್ಗುವ ಆಹಾರವನ್ನೇ ಕೊಡಬೇಕು, ಸ್ವಾರ್ಥಕ್ಕಾಗಿ ಕೊಬ್ಬಿಸಿದರೆ ಆ ಕೇಡು ಕೊಬ್ಬಿಸಿದವನಿಗೇ ತಗಲುತ್ತದೆ.