ಕಮ್ಮಾರ ಬಡಿದ ಕೊಂಡಿ

"ಗುರುಗಳೇ, ಬರೆಯಲು ಬಾರದವನು ಬರೆದಿಟ್ಟದ್ದನ್ನು ನಾನೇಕೆ ತಿದ್ದುತ್ತ ಕೂರಬೇಕು?" ಎಂದು ಶಂಭುಲಿಂಗ ಕೇಳಿದ.

ಮಠದಲ್ಲಿ ಒಂದು ಹಳೆಯ ಟೀಕಾಗ್ರಂಥವಿತ್ತು. ಅದರ ಓಲೆಗರಿಗಳು ಗೆದ್ದಲ ಪಾಲಾಗಿದ್ದವು. ಅದಕ್ಕೂ ಮೊದಲು ಯಾರೋ ಒಬ್ಬರು ಕಾಗದದ ಮೇಲೆ ಮಾಡಿಟ್ಟ ಪ್ರತಿ ಒಂದೇ ಉಳಿದಿತ್ತು. ಅದನ್ನು ತಿದ್ದಿ ಬರೆಯುವ ಕೆಲಸವನ್ನು ಗುರುಗಳು ಶಂಭುಲಿಂಗನಿಗೆ ವಹಿಸಿದ್ದರು. ಪುಟಕ್ಕೆ ಹತ್ತು ತಪ್ಪು ಸಿಗುತ್ತಿದ್ದವು.

"ಇವನಿಗೆ ವ್ಯಾಕರಣದ ಗಂಧವೇ ಇಲ್ಲ" ಎಂದ ಅವನು.

ಗುರುಗಳು ಕನ್ನಡಕ ತೆಗೆದು ಪಕ್ಕಕ್ಕಿಟ್ಟರು. ಕೂತುಕೋ ಎಂದು ಸನ್ನೆ ಮಾಡಿ ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಗಡಿಯಾರ ರಿಪೇರಿಯವನಿದ್ದ. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಸಹಿಸದ ಮನುಷ್ಯ. ಪಕ್ಕದ ತಾಲ್ಲೂಕಿನ ಹತ್ತಿ ಮಿಲ್ಲಿನ ಹಿತ್ತಲಲ್ಲಿ ಅರವತ್ತು ವರ್ಷ ಹಳೆಯ ಕಾರೊಂದು ಗಾಲಿ ಹೂತು ನಿಂತಿತ್ತು. ಅದನ್ನು ಕಂಡ ದಿನದಿಂದ ಅವನಿಗೆ ಬೇರೆ ಯೋಚನೆಯೇ ಬರಲಿಲ್ಲ. ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಿಕೊಂಡು ಬಂದ. ಮನೆಯ ಪಕ್ಕ ತಗಡಿನ ಮಾಡು ಇಳಿಸಿ ಅದರಡಿ ನಿಲ್ಲಿಸಿದ. ಮಾರುವ ಉದ್ದೇಶ ಅವನಿಗಿರಲಿಲ್ಲ. ಅದು ಹುಟ್ಟಿದಾಗ ಹೇಗಿತ್ತೋ ಹಾಗೆ ಇನ್ನೊಮ್ಮೆ ಓಡಬೇಕು, ಅಷ್ಟೆ.

ದಿನಾ ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು ಎರಡು ತಾಸು, ಭಾನುವಾರ ಇಡೀ ದಿನ ಅವನು ಕಾರಿನಡಿ ಮಲಗಿರುತ್ತಿದ್ದ. ಬಿಚ್ಚಿದ ಒಂದೊಂದು ತಿರುಪನ್ನೂ ಕಾಗದದಲ್ಲಿ ಸುತ್ತಿ ಹೆಸರು ಬರೆದ. ಹಳೆಯ ಬಣ್ಣವನ್ನು ಪದರ ಪದರವಾಗಿ ಉಜ್ಜಿ ತೆಗೆದ. ಮೊದಲ ವರ್ಷ ಹೆಂಡತಿ ಸಿಡುಕಿದಳು. ಎರಡನೆಯ ವರ್ಷ ತಾನೇ ಕೂತು ಬೋಲ್ಟುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದುಕೊಟ್ಟಳು.

ಕೆಲಸ ನಡೆದಷ್ಟೂ ಹಿಂದಿನ ಯಾರದೋ ಒರಟು ರಿಪೇರಿಗಳು ಹೊರಬಿದ್ದವು. ಎಂಜಿನ್ನಿನ ಸಂದಿಗೆ ಕಾರ್ಕಿನ ಬದಲು ಹಳೆಯ ಚಪ್ಪಲಿಯ ಚರ್ಮ ಕತ್ತರಿಸಿ ಕೂರಿಸಿದ್ದರು. ಬಾಗಿಲಿಗೆ ಕುಡಗೋಲಿನ ಹಿಡಿ ಇತ್ತು. ಮುಂದಿನ ಸ್ಪ್ರಿಂಗನ್ನು ಕಾರಿನ ಚೌಕಟ್ಟಿಗೆ ಸೇರಿಸುವ ಕೊಂಡಿಯನ್ನಂತೂ ಬಂಡಿಚಕ್ರದ ಕಬ್ಬಿಣದ ಪಟ್ಟಿಯಿಂದ ಬಡಿದು ಮಾಡಿದ್ದರು. ಅದು ಸೊಟ್ಟಗಿತ್ತು.

"ಇದನ್ನ ಮಾಡಿದಾವ ಮನುಷ್ಯನೋ ಕಟುಕನೋ" ಎಂದು ಅವನು ಬೈದ. ಎಲ್ಲವನ್ನೂ ಕಿತ್ತು ಮೂಲೆಯ ಡಬ್ಬಿಗೆ ಎಸೆದ.

ಕಾರಿನ ಮೂಲ ಪುಸ್ತಕದಲ್ಲಿದ್ದ ಅಳತೆ ನೋಡಿ ಹೊಸ ಕೊಂಡಿ ಮಾಡಿಸಿದ. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಅಂಗಳದಲ್ಲಿ ಕಾರನ್ನು ನಾಲ್ಕು ಮಾರು ತಳ್ಳುವಷ್ಟರಲ್ಲಿ ಅದು ಬಿರುಕುಬಿಟ್ಟಿತು. ಎರಡನೆಯದನ್ನು ಮಾಡಿಸಿದ. ಅದೂ ಬಿರಿಯಿತು. ಮೂರನೆಯದೂ ಹೋದಾಗ ಅವನು ಒಂದು ವಾರ ಮಾಡಿನ ಕಡೆಗೇ ಸುಳಿಯಲಿಲ್ಲ. ಐದು ವರ್ಷದ ಕೆಲಸ ಅಲ್ಲಿಗೆ ನಿಂತಿತ್ತು.

ಕೊನೆಗೆ ಮಿಲ್ಲಿನವರನ್ನು ವಿಚಾರಿಸಿ, ಹಳೆಯ ರಿಪೇರಿ ಮಾಡಿದವನ ಊರು ಪತ್ತೆಹಚ್ಚಿದ. ಅವನೊಬ್ಬ ಕಮ್ಮಾರ. ವಯಸ್ಸು ಎಂಬತ್ತು ದಾಟಿತ್ತು. ಕುಲುಮೆ ಆರಿ ಬಹಳ ಕಾಲವಾಗಿತ್ತು. ಗಡಿಯಾರದವನು ಅವನ ಮುಂದೆ ಬಿರಿದ ಕೊಂಡಿಯನ್ನಿಟ್ಟು, ಕಾರಿನ ಗುರುತು ಹೇಳಿದ.

"ಹೌದು, ನಾನ ಮಾಡೀನಿ" ಎಂದ ಕಮ್ಮಾರ. "ಅದು ಮೊದಲು ಒಬ್ರು ಡಾಕ್ಟರಮ್ಮನ ಗಾಡಿ. ಹತ್ತಾರು ಹಳ್ಳಿ ತಿರುಗೋರು. ಹಳ್ಳದ ಸೇತುವಿ ಕುಸಿದು ಮುಂದಿನ ಭಾಗ ನುಜ್ಜಾತು. ಆ ಕಂಪನಿ ಮುಚ್ಚಿಹೋಗಿತ್ತು, ಸಾಮಾನು ಎಲ್ಲೂ ಸಿಗಲಿಲ್ಲ. ನನ್ನ ಹಂತ್ಯಾಕ ಬಂದ್ರು. ತಾಯಿ, ಬಂಡಿಗಾಲಿ ಬಿಟ್ರ ನನಗ ಏನೂ ಬರೂದಿಲ್ಲ ಅಂದೆ. ನನಗೂ ಎಲ್ಲಾ ರೋಗ ಗೊತ್ತಿಲ್ಲಪ್ಪಾ, ಆದ್ರೂ ಬಂದೋರನ್ನ ನೋಡ್ತೀನಿ ಅಂದ್ರು."

"ಕೊಂಡಿ ಯಾಕ ಸೊಟ್ಟ ಮಾಡಿದ್ರಿ?"

"ಚೌಕಟ್ಟು ಎಡಕ್ಕ ಅರ್ಧ ಬೆರಳು ವಾಲಿತ್ತು. ಅದನ್ನ ನೆಟ್ಟಗ ಮಾಡೂ ಶಕ್ತಿ ನನ್ನ ಕುಲುಮಿಗೆ ಇದ್ದಿಲ್ಲ. ಅದಕ್ಕ ಕೊಂಡೀನ ವಾಲಿಸಿ ಬಡದೆ. ಮುಂದ ಹತ್ತೊಂಬತ್ತು ವರ್ಷ ಓಡ್ತು. ಆ ಚಪ್ಪಲಿ ಚರ್ಮ ಮಾತ್ರ ಸೋರ್ತಿತ್ತು, ಅದು ನನ್ನ ತಪ್ಪು" ಎಂದು ಮುದುಕ ಬೊಚ್ಚುಬಾಯಿ ಬಿಟ್ಟು ನಕ್ಕ.

ಗಡಿಯಾರದವನು ಮನೆಗೆ ಬಂದು ಡಬ್ಬಿಯಿಂದ ಹಳೆಯ ಕೊಂಡಿಯನ್ನು ಹುಡುಕಿ ತೆಗೆದ. ಒರೆಸಿ ಅಳೆದ. ಚೌಕಟ್ಟನ್ನೂ ಅಳೆದ. ಎರಡರ ವಾಲುವಿಕೆಯೂ ಒಂದೇ ಇತ್ತು. ಅಳತೆಕೋಲಿಲ್ಲದೆ, ಬರಿಯ ಕಣ್ಣಿನಿಂದ ಮಾಡಿದ ಕೆಲಸ. ಐದು ವರ್ಷ ಗಡಿಯಾರದ ಭೂತಗನ್ನಡಿ ಹಾಕಿಕೊಂಡು ನೋಡಿದರೂ ತನಗೆ ಕಾಣದಿದ್ದದ್ದು ಆ ಕಮ್ಮಾರನಿಗೆ ಅಂದೇ ಕಂಡಿತ್ತು. ಬೈದದ್ದು ನೆನಪಾಗಿ ಅವನಿಗೆ ನಾಚಿಕೆಯಾಯಿತು.

ಆದರೂ ಅವನು ಆ ಕೊಂಡಿಯನ್ನು ಮತ್ತೆ ಹಾಕಲಿಲ್ಲ. ಈಗ ಚೌಕಟ್ಟನ್ನು ನೆಟ್ಟಗೆ ಮಾಡುವ ಯಂತ್ರಗಳಿದ್ದವು. ಅದನ್ನು ನೆಟ್ಟಗೆ ಮಾಡಿಸಿದ. ಪುಸ್ತಕದ ಅಳತೆಯಂತೆಯೇ ನಾಲ್ಕನೆಯ ಕೊಂಡಿ ಮಾಡಿಸಿ ಕೂರಿಸಿದ. ಅದು ಬಿರಿಯಲಿಲ್ಲ.

ಆರನೆಯ ವರ್ಷದ ಒಂದು ಭಾನುವಾರ ಬೆಳಿಗ್ಗೆ ಎಂಜಿನ್ನು ಕೆಮ್ಮಿ, ತಡೆದು, ಆಮೇಲೆ ಒಂದೇ ಲಯದಲ್ಲಿ ಓಡತೊಡಗಿತು. ಹೆಂಡತಿಯನ್ನು ಕೂರಿಸಿಕೊಂಡು ಅವನು ನೇರ ಕಮ್ಮಾರನ ಊರಿಗೆ ಹೋದ. ಮುದುಕ ಕಾರನ್ನು ಒಂದು ಸುತ್ತು ಬಂದ. ಕಷ್ಟಪಟ್ಟು ಬಗ್ಗಿ ಕೆಳಗೆ ನೋಡಿದ. ತನ್ನ ಕೊಂಡಿ ಅಲ್ಲಿಲ್ಲವೆಂಬುದು ಅವನಿಗೆ ತಿಳಿಯಿತು.

"ಈಗ ಸರಿ ಆತು" ಎಂದ ಕಮ್ಮಾರ. "ಇಷ್ಟು ಮಾಡಲಿಕ್ಕ ನನಗ ಬರ್ತಿದ್ದಿಲ್ಲ."

ಗಡಿಯಾರದವನು ಬಾಗಿ ಅವನ ಪಾದ ಮುಟ್ಟಿದ. ಆಮೇಲೆ ಕೈಹಿಡಿದು ಮುಂದಿನ ಸೀಟಿನಲ್ಲಿ ಕೂರಿಸಿದ.

ಗುರುಗಳು ಇಷ್ಟು ಹೇಳಿ ಕನ್ನಡಕವನ್ನು ಮತ್ತೆ ಹಾಕಿಕೊಂಡರು.

ಶಂಭುಲಿಂಗ ಸ್ವಲ್ಪ ಯೋಚಿಸಿ ಕೇಳಿದ: "ಆದರೆ ಗುರುಗಳೇ, ಈ ಪ್ರತಿಯಲ್ಲಿರುವುದು ನಿಜವಾಗಿಯೂ ತಪ್ಪುಗಳೇ, ಅಲ್ಲವೇ?"

"ತಪ್ಪುಗಳೇ. ತಿದ್ದು. ಆದರೆ ಅವನು ತಪ್ಪುತಪ್ಪಾಗಿಯಾದರೂ ಬರೆಯದೆ ಹೋಗಿದ್ದರೆ, ಇಂದು ನೀನು ಏನನ್ನು ತಿದ್ದುತ್ತಿದ್ದೆ?" ಎಂದರು ಗುರುಗಳು.

ಶಂಭುಲಿಂಗ ಆ ಪ್ರತಿಯನ್ನು ಕಣ್ಣಿಗೊತ್ತಿಕೊಂಡು ಲೇಖನಿ ಎತ್ತಿಕೊಂಡ.