ಬೀಟ್‌ರೂಟ್ ಕುಡಿದ ಆರತಿ ನೀರು

ಲೋಕ ಆಗತಾನೇ ಹುಟ್ಟಿತ್ತು. ನದಿಗಳಿಗೆ ಇನ್ನೂ ದಾರಿ ಗೊತ್ತಿರಲಿಲ್ಲ. ಭೂಮಜ್ಜಿಯ ಹಿತ್ತಲಲ್ಲಿ ಬೀಟ್‌ರೂಟ್ ಮೂಲಂಗಿಯ ಹಾಗೆ ಬೆಳ್ಳಗಿತ್ತು. ಅದಕ್ಕೆ ಬಹಳ ನಾಚಿಕೆ. ಮಣ್ಣಿನೊಳಗೇ ಕೂತು ಎಲ್ಲರ ಮಾತು ಕೇಳಿಸಿಕೊಳ್ಳುತ್ತಿತ್ತು.

ಒಂದು ಸಂಜೆ, ಅಜ್ಜಿಯ ಮಗಳು ಕಡಲಮ್ಮ ಹಸುಗೂಸು ಚಂದ್ರನನ್ನು ಎತ್ತಿಕೊಂಡು ಬಂದಳು. ನಕ್ಷತ್ರಗಳು ರೆಪ್ಪೆ ಬಡಿಯದೆ ಕೂಸನ್ನೇ ನೋಡಿದವು. ದೃಷ್ಟಿಯಾದೀತು ಎಂದು ಅಜ್ಜಿ ಅರಿಶಿನದ ನೀರಿಗೆ ಸುಣ್ಣ ಕಲಸಿದಳು. ನೀರು ಕೆಂಪಾಯಿತು. ತಾಯಿ-ಮಗುವನ್ನು ಬಾಗಿಲಲ್ಲೇ ನಿಲ್ಲಿಸಿ, ತಟ್ಟೆಯನ್ನು ಸುತ್ತಿ, ಸುತ್ತಿ, ಸುತ್ತಿ ಆರತಿ ಎತ್ತಿದಳು.

"ಯಾರೂ ತುಳಿಯದ ಕಡೆ ಚೆಲ್ಲಿ ಬಾ. ತುಳಿದವರಿಗೆ ಆ ದೃಷ್ಟಿಯೆಲ್ಲ ತಗಲುತ್ತೆ" ಎಂದು ತಟ್ಟೆಯನ್ನು ಗಾಳಿಯ ಕೈಗೆ ಕೊಟ್ಟಳು.

ಗಾಳಿಗೆ ಎಲ್ಲದಕ್ಕೂ ಅವಸರ. ಹಿತ್ತಲ ಕಾಲುದಾರಿಯಲ್ಲೇ ಸುರಿದು, ಕೂಸನ್ನು ನೋಡಲು ಓಡಿತು.

ಅಷ್ಟರಲ್ಲಿ ಟಪಟಪ, ಟಪಟಪ. ಮೊಲದ ಮರಿಗಳೂ ಕೂಸನ್ನು ನೋಡಲು ಅದೇ ದಾರಿಯಲ್ಲಿ ಬರುತ್ತಿದ್ದವು. ಮಣ್ಣಿನೊಳಗಿದ್ದ ಬೀಟ್‌ರೂಟಿಗೆ ಅಜ್ಜಿಯ ಮಾತು ನೆನಪಾಯಿತು. ಕೂಗೋಣವೆಂದರೆ ನಾಚಿಕೆಗೆ ದನಿಯೇ ಹೊರಡಲಿಲ್ಲ. ಕೂಗಲಾರದೆ ಕುಡಿಯಿತು. ಗಟಗಟ, ಗಟಗಟ, ಒಂದು ಹನಿಯೂ ಬಿಡದೆ.

ಮರಿಗಳು ಒಣ ನೆಲದ ಮೇಲೆ ಹಾದುಹೋದವು.

ಮಾರನೇ ದಿನ ಪಲ್ಯಕ್ಕೆಂದು ಅಜ್ಜಿ ಬೀಟ್‌ರೂಟ್ ಕಿತ್ತು ತಂದು, ಈಳಿಗೆಮಣೆಯ ಮುಂದೆ ಕೂತು ಹೆಚ್ಚಿದಳು. ಈಳಿಗೆ ಕೆಂಪು. ಕೈ ಕೆಂಪು. ನೆಲ ಕೆಂಪು. ಕಡಲಮ್ಮ ಕೂಸನ್ನು ಅವಚಿಕೊಂಡಳು. ಒಲೆ ಉರಿಯುವುದನ್ನೇ ಮರೆಯಿತು.

"ಅಯ್ಯೋ ಶಿವನೇ, ಯಾವ ಜೀವವನ್ನ ಕೊಯ್ದುಬಿಟ್ಟೆ ನಾನು" ಎಂದಳು ಅಜ್ಜಿ.

ಹೋಳಿನೊಳಗಿಂದ ಸಣ್ಣ ದನಿ ಬಂತು. "ನಂಗೇನೂ ಆಗಿಲ್ಲ ಅಜ್ಜಿ. ಅದು ನಿನ್ನೆಯ ಆರತಿ ನೀರು. ಮರಿಗಳು ತುಳಿದುಬಿಡ್ತಿದ್ವು."

ಅಜ್ಜಿ ಹೋಳನ್ನು ಬೆಳಕಿಗೆ ಹಿಡಿದಳು. ಸುತ್ತು, ಸುತ್ತಿನೊಳಗೆ ಸುತ್ತು. ತಾನು ತಟ್ಟೆ ಸುತ್ತಿದ್ದ ಹಾಗೇ. ಗಾಳಿ ಮೂಲೆಯಲ್ಲಿ ಉಸಿರು ಬಿಗಿಹಿಡಿದು ನಿಂತಿತು.

ದೃಷ್ಟಿ ನೀರು ಕುಡಿದದ್ದನ್ನು ತಿನ್ನೋದು ಹೇಗೆ, ಆಚೆ ಎಸೆದುಬಿಡು ಎಂದಳು ಕಡಲಮ್ಮ.

"ಮಕ್ಕಳನ್ನ ಕಾಯ್ದಿದ್ದನ್ನ ಎಸೀತಾರೇನೇ?" ಎಂದ ಅಜ್ಜಿ ಬಾಣಲೆಯಿಟ್ಟು, ಕಾದ ಎಣ್ಣೆಗೆ ಸಾಸಿವೆ, ಒಣಮೆಣಸಿನಕಾಯಿ ಹಾಕಿದಳು. ಚಟಪಟ, ಚಟಪಟ. ದೃಷ್ಟಿಯೆಲ್ಲ ಸಿಡಿದುಹೋಯಿತು. ಆಮೇಲೆ ಕರಿಬೇವು, ಹೋಳು, ಉಪ್ಪು. ಬೆಂದ ಮೇಲೆ ಉದುರಿಸಿದ ಬಿಳಿ ತೆಂಗಿನತುರಿಯೂ ನಾಚಿ ಕೆಂಪಾಯಿತು. ಮೊದಲ ತುತ್ತು ಮೊಲದ ಮರಿಗಳಿಗೆ.

ಅದಕ್ಕೇ ಇವತ್ತಿಗೂ ಅಮ್ಮ ಬೀಟ್‌ರೂಟ್ ಹೆಚ್ಚಿದರೆ ಕೈ ಕೆಂಪಾಗುತ್ತೆ, ಹೋಳಿನಲ್ಲಿ ಆರತಿಯ ಸುತ್ತು ಕಾಣುತ್ತೆ. ಪಲ್ಯ ತಿಂದ ಮಾರನೇ ಬೆಳಿಗ್ಗೆ ಬಚ್ಚಲಲ್ಲಿ ಒಂದಕ್ಕೆ ಹೋದಾಗ ಕೆಂಪು ಕಂಡರೆ ನೀವೂ ಬೆಚ್ಚಿಬೀಳಬೇಡಿ. ಅದು ಅದೇ ಆರತಿ ನೀರು, ಕೊನೆಗೂ ಯಾರೂ ತುಳಿಯದ ಕಡೆ ಹೋಗುತ್ತಿದೆ.